ಮೀನಿಗೆ ಕಂಡ ಹಸು

ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದದ್ದು ಎಲ್ಲರೂ ಒಂದೇ ಎಂದೋ, ಒಬ್ಬೊಬ್ಬರು ಒಂದೊಂದು ಥರ ಎಂದೋ? ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ಮಾಗಡಿ ಸೀಮೆಯ ಸೋಲೂರಿನ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುತ್ತೇನೆ. ಹೆಚ್ಚಿನವು ಪ್ರಾಣಿಗಳ ಪುಸ್ತಕಗಳು, ನಗಿಸುವಂಥವು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳಿವೆ, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಹಳೆಯ ಪ್ರತಿಗಳಿವೆ, ಮಗಳು ತನ್ನ ಮಗುವಿಗೆಂದು ಕೊಂಡ ಇಂಗ್ಲಿಷ್ ಪುಸ್ತಕಗಳೂ ಇವೆ. ಇಂಗ್ಲಿಷಿನವನ್ನು ಚಿತ್ರ ತೋರಿಸುತ್ತ ನಮ್ಮ ಮಾತಿನಲ್ಲೇ ಹೇಳುತ್ತೇನೆ. ಇವುಗಳಲ್ಲಿ ಅನೇಕ ಪುಸ್ತಕಗಳು ಮಗುವಿಗೆ ಹೇಳಹೊರಟಿರುವುದು ಒಂದೇ ವಿಷಯ: ನಿನ್ನ ಹಾಗೆ ಇಲ್ಲದವರೂ ಇದ್ದಾರೆ, ಅವರ ಜೊತೆ ಬಾಳಬೇಕು. ಹೇಗೆ ಬಾಳಬೇಕು ಎಂಬಲ್ಲಿ ಮಾತ್ರ ಒಂದೊಂದೂ ಒಂದೊಂದು ದಾರಿ ಹಿಡಿಯುತ್ತವೆ. ಆ ದಾರಿಗಳನ್ನು ನೋಡುತ್ತ ಹೋದರೆ ನಮ್ಮ ಮತಾಚಾರ್ಯರು ಶತಮಾನಗಳ ಕಾಲ ವಾದ ಮಾಡಿದ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಭೇದ ನಿಜವೋ, ಬರೀ ತೋರಿಕೆಯೋ?

ಮಕ್ಕಳು ಮತ್ತೆ ಮತ್ತೆ ಕೇಳಿ ಓದಿಸಿಕೊಳ್ಳುವ ಪುಸ್ತಕ 'ಎಲ್ಮರ್'. ಇಂಗ್ಲೆಂಡಿನ ಡೇವಿಡ್ ಮೆಕ್ಕೀ 1968ರಲ್ಲಿ ಬರೆದು ಚಿತ್ರಿಸಿದ್ದು. ಆನೆಗಳ ಒಂದು ಹಿಂಡು. ಎಲ್ಲವೂ ಆನೆಯ ಬಣ್ಣದವೇ. ಎಲ್ಮರ್ ಮಾತ್ರ ಮೈತುಂಬ ಹಳದಿ, ಕೆಂಪು, ನೀಲಿ, ಹಸಿರು ಚೌಕಗಳ ಆನೆ, ನಮ್ಮ ಅಜ್ಜಿಯರು ಹೊಲಿಯುತ್ತಿದ್ದ ಕೌದಿಯ ಹಾಗೆ. ಹಿಂಡನ್ನು ನಗಿಸುವವನು ಅವನೇ. ಒಂದು ರಾತ್ರಿ ಅವನಿಗೆ ನಿದ್ದೆ ಹತ್ತುವುದಿಲ್ಲ. ಇವರೆಲ್ಲ ನಗುವುದು ನನ್ನ ಮೈಬಣ್ಣ ನೋಡಿಯೇ ಇರಬೇಕು ಎನ್ನಿಸುತ್ತದೆ. ಬೆಳಗಾಗುವ ಮುಂಚೆ ಎದ್ದುಹೋಗಿ, ಆನೆಬಣ್ಣದ ಹಣ್ಣು ಬಿಟ್ಟಿರುವ ಒಂದು ಗಿಡ ಅಲ್ಲಾಡಿಸಿ, ಬಿದ್ದ ಹಣ್ಣಿನ ಮೇಲೆ ಹೊರಳಾಡಿ ಬೂದು ಆನೆಯಾಗಿ ಬರುತ್ತಾನೆ. ಯಾರಿಗೂ ಗುರುತು ಸಿಗುವುದಿಲ್ಲ. ಹಿಂಡು ಮಾತಿಲ್ಲದೆ, ಗಂಭೀರವಾಗಿ ನಿಂತಿದೆ. ಆ ಮೌನ ತಡೆಯಲಾರದೆ ಎಲ್ಮರ್ ಗಟ್ಟಿಯಾಗಿ ಒಂದು ಕೂಗು ಹಾಕುತ್ತಾನೆ. ಆನೆಗಳೆಲ್ಲ ಬೆಚ್ಚಿಬಿದ್ದು, ಇದು ಎಲ್ಮರನೇ ಎಂದು ತಿಳಿದು ಬಿದ್ದು ಬಿದ್ದು ನಗುತ್ತವೆ. ಮಳೆ ಬಂದು ಬಣ್ಣ ತೊಳೆದುಹೋಗುತ್ತದೆ. ಅಂದಿನಿಂದ ವರ್ಷಕ್ಕೊಂದು ದಿನ ಎಲ್ಲ ಆನೆಗಳೂ ಮೈಗೆ ಬಣ್ಣ ಬಳಿದುಕೊಳ್ಳುತ್ತವೆ, ಆ ದಿನ ಎಲ್ಮರ್ ಬೂದು.

ಬಣ್ಣ ಹತ್ತಿದ ಪ್ರಾಣಿ ನಮ್ಮ ಪಂಚತಂತ್ರದಲ್ಲೂ ಇದೆ. ದುರ್ಗಸಿಂಹ 1030ರ ಸುಮಾರಿಗೇ ಪಂಚತಂತ್ರವನ್ನು ಕನ್ನಡಕ್ಕೆ ತಂದವನು. ಆ ಕಥೆಗಳ ಬಳಕೆ ನಮ್ಮಲ್ಲಿ ಅಷ್ಟು ಹಳೆಯದು. ನೀಲಿ ನರಿಯ ಕಥೆ ಯಾರಿಗೆ ಗೊತ್ತಿಲ್ಲ! ನಾಯಿಗಳಿಗೆ ಹೆದರಿ ಓಡಿ ಬಣ್ಣಗಾರನ ನೀಲಿ ತೊಟ್ಟಿಗೆ ಬಿದ್ದ ನರಿ ಕಾಡಿಗೆ ರಾಜನಾಗುತ್ತದೆ, ತನ್ನ ಕುಲದ ನರಿಗಳನ್ನು ಓಡಿಸುತ್ತದೆ. ಒಂದು ದಿನ ದೂರದಲ್ಲಿ ನರಿಗಳ ಊಳು ಕೇಳಿ ತಾನೂ ಊಳಿಟ್ಟು ಸಿಂಹ, ಹುಲಿಗಳ ಬಾಯಿಗೆ ಬೀಳುತ್ತದೆ. ಎರಡೂ ಕಥೆಗಳಲ್ಲಿ ಬಣ್ಣ ಮುಚ್ಚಿಟ್ಟದ್ದನ್ನು ದನಿ ಬಿಚ್ಚಿಡುತ್ತದೆ. ಒಂದರಲ್ಲಿ ಆ ದನಿಗೆ ಸಾವೇ ಶಿಕ್ಷೆ. ಇನ್ನೊಂದರಲ್ಲಿ ಅದೇ ದನಿಗಾಗಿ ಹಿಂಡು ಕಾದಿದೆ. ಪಂಚತಂತ್ರವನ್ನು ನಾನು ಹಳಿಯುತ್ತಿಲ್ಲ. ಅದು ರಾಜಕುಮಾರರಿಗೆ ರಾಜನೀತಿ ಕಲಿಸಲು ಹುಟ್ಟಿದ ಗ್ರಂಥ, ಯಾರನ್ನು ಎಷ್ಟು ನಂಬಬೇಕು ಎಂಬುದೇ ಅದರ ಚಿಂತೆ. ಕಾಗೆಗೂ ಗೂಬೆಗೂ ಹುಟ್ಟಿನಿಂದಲೇ ವೈರ ಎಂದು ಅದು ಹೇಳುವುದು ರಾಜ್ಯ ಆಳುವವನ ಕಿವಿಗೆ. ಐದು ವರ್ಷದ ಮಗುವಿನ ಕಿವಿಗೆ ಆ ಮಾತನ್ನು ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಎಲ್ಮರ್‌ನ ಕಥೆ ಓದಿ ಮುಗಿಸಿ "ನೋಡಿ ಮಕ್ಕಳೇ, ಒಳಗೆ ನಾವೆಲ್ಲ ಒಂದೇ" ಎಂದು ಬಾಯಿಪಾಠ ಹೇಳಿಸುವುದೂ ನನಗೆ ಸರಿ ಕಾಣುವುದಿಲ್ಲ. ಅದಕ್ಕೆ ಕಾರಣ ಮೊಮ್ಮಗಳ ಮಾತು ಬೆಳೆದ ರೀತಿ. ಒಂದೂವರೆ ವರ್ಷದಲ್ಲಿ ಅವಳಿಗೆ ನಾಯಿಯೂ ಬೌಬೌ, ಎಮ್ಮೆಯೂ ಬೌಬೌ, ಪಕ್ಕದ ಮನೆಯ ಮೇಕೆಯೂ ಬೌಬೌ. ನಾಲ್ಕು ಕಾಲಿನದ್ದೆಲ್ಲ ಅವಳಿಗೆ ಒಂದೇ. ಆ ಮೇಕೆ ಮರಿ ಹಾಕಿತು. ದಿನಾ ಸಂಜೆ ಅದರ ಹತ್ತಿರ ಕರೆದುಕೊಂಡು ಹೋಗಬೇಕು, ಹಲಸಿನ ಎಲೆ ತಿನ್ನಿಸಬೇಕು, ಮರಿಯ ಕಿವಿ ಮುಟ್ಟಬೇಕು. ಹೀಗೆ ಹೋಗುತ್ತಾ ಬರುತ್ತಾ ಒಂದು ಸಂಜೆ ಅವಳು ಮರಿಯನ್ನು ನೋಡಿ ಬೌಬೌ ಎನ್ನಲಿಲ್ಲ, "ಮೇ" ಎಂದಳು. ಅದರ ಕೊರಳಿನ ದನಿಯನ್ನೇ ಅದಕ್ಕೆ ಹೆಸರಿಟ್ಟಳು. ನಾಯಿ ಬೇರೆ, ಇದು ಬೇರೆ ಎಂದು ಅವಳಿಗೆ ತಿಳಿದದ್ದು ಅದರ ಮೇಲೆ ಪ್ರೀತಿ ಹುಟ್ಟಿದ ಮೇಲೆ.

ಅಂದರೆ ಅಭೇದದಲ್ಲೂ ಎರಡು ಬಗೆ ಇವೆ. ತಿಳಿಯುವುದಕ್ಕೆ ಮೊದಲಿನ ಅಭೇದ ಒಂದು. ಅದರಲ್ಲಿ ಎಲ್ಲವೂ ಬೌಬೌ. ಎಲ್ಲವನ್ನೂ ಬೇರೆ ಬೇರೆಯಾಗಿ ಅರಿತ ಮೇಲೆ, ಬಹಳ ಸಾಧನೆಯ ಕೊನೆಗೆ ಜ್ಞಾನಿಗೆ ಕಾಣುವುದು ಇನ್ನೊಂದು. ಶೃಂಗೇರಿಯ ಶಂಕರರು ಹೇಳಿದ್ದು ಈ ಎರಡನೆಯದನ್ನು. ಅದನ್ನು ಕೇಳಲು ಅರ್ಹತೆ ಬೇಕು, ವಿವೇಕ ವೈರಾಗ್ಯಗಳು ಬೇಕು ಎಂದು ಅವರೇ ಷರತ್ತು ಹಾಕಿದ್ದಾರೆ. ಅವರ ಎಣಿಕೆಯಲ್ಲಿ ಮೊದಲ ಅರ್ಹತೆಯೇ ವಿವೇಕ, ನಿತ್ಯ ಯಾವುದು ಅನಿತ್ಯ ಯಾವುದು ಎಂದು ಬೇರ್ಪಡಿಸಿ ನೋಡುವ ಶಕ್ತಿ. ಬೇರ್ಪಡಿಸಲು ಬಾರದವರಿಗೆ ಅದ್ವೈತವೂ ದಕ್ಕುವುದಿಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಜೀವಿಗಳನ್ನೂ ಜಗತ್ತನ್ನೂ ಭಗವಂತನ ಶರೀರವೆಂದರು. ಅಲ್ಲಿ ಎಲ್ಲವೂ ಒಬ್ಬನಿಗೇ ಸೇರಿದ್ದು, ಆದರೂ ಪ್ರತಿಯೊಂದೂ ತಾನಾಗಿಯೇ ಉಳಿಯುತ್ತದೆ. ಉಡುಪಿಯ ಮಧ್ವರು ಇನ್ನೂ ಮುಂದೆ ಹೋಗಿ ಐದು ಭೇದಗಳನ್ನು ಎಣಿಸಿ ಹೇಳಿದರು. ಜೀವಕ್ಕೂ ಈಶ್ವರನಿಗೂ ಭೇದ, ಜಡಕ್ಕೂ ಈಶ್ವರನಿಗೂ ಭೇದ, ಜೀವಕ್ಕೂ ಜಡಕ್ಕೂ ಭೇದ, ಜೀವ ಜೀವಗಳಲ್ಲಿ ಭೇದ, ಜಡ ಜಡಗಳಲ್ಲೂ ಭೇದ, ಮತ್ತು ಇವೆಲ್ಲ ಎಂದೆಂದಿಗೂ ನಿಜ. ಹಿರಿಯರ ಜಗಳದಲ್ಲಿ ತೀರ್ಪು ಕೊಡುವ ವಿದ್ಯೆ ನನ್ನಲ್ಲಿಲ್ಲ. ಆದರೆ ಚಿತ್ರಪುಸ್ತಕದ ವಯಸ್ಸಿನ ಮಗುವಿಗೆ ಮಧ್ವರ ಪಾಠ ಮೊದಲು ಬರಬೇಕು ಎಂದು ನಾನು ನಂಬಿದ್ದೇನೆ. ಇದು ಇದೇ, ಅದು ಅದೇ, ಒಂದು ಎಲೆಯ ಹಾಗೆ ಇನ್ನೊಂದು ಎಲೆ ಇಲ್ಲ ಎಂದು ಬೆರಗಿನಿಂದ ನೋಡಲಿ. ಎಲ್ಲವೂ ಒಂದೇ ಎಂದು ನಾವು ಅವಸರ ಮಾಡಿದರೆ ಜ್ಞಾನಿಯ ಅಭೇದದ ಹೆಸರಿನಲ್ಲಿ ಮಗುವಿಗೆ ಮತ್ತೆ ಬೌಬೌ ಅಭೇದವನ್ನೇ ಕೊಟ್ಟಂತಾಗುತ್ತದೆ.

ಆದರೆ ಭೇದ ಕಲಿಸುವುದರಲ್ಲೂ ಅಪಾಯವಿದೆ, ಶಾಲೆಯಲ್ಲಿ ನಾವು ಅದನ್ನು ದಿನಾ ಮಾಡುತ್ತೇವೆ. ಅಭ್ಯಾಸ ಪುಸ್ತಕದಲ್ಲಿ ಸಾಲಾಗಿ ನಾಲ್ಕು ಚಿತ್ರ: ಹಸು, ಎಮ್ಮೆ, ಮೇಕೆ, ಕಾಗೆ. ಗುಂಪಿಗೆ ಸೇರದ್ದಕ್ಕೆ ಸುತ್ತು ಹಾಕು. ಮಗು ಕಾಗೆಗೆ ಸುತ್ತು ಹಾಕಬೇಕು. ಲೆಕ್ಕಕ್ಕೆ, ಭಾಷೆಗೆ, ವಿಜ್ಞಾನಕ್ಕೆ ಈ ಅಭ್ಯಾಸ ಬೇಕೇ ಬೇಕು. ಒಮ್ಮೆ ಒಬ್ಬ ಹುಡುಗ ಯಾವುದಕ್ಕೂ ಸುತ್ತು ಹಾಕದೆ ಪುಸ್ತಕ ತಂದು ಕೊಟ್ಟ. ಯಾಕೋ ಎಂದರೆ, "ಕಾಗೆ ಎಮ್ಮೆ ಮೇಲೇ ಕೂರ್ತದಲ್ಲ ಮಿಸ್, ಉಣ್ಣೆ ಹೆಕ್ಕಕ್ಕೆ" ಎಂದ. ಅವನ ಮನೆಯಲ್ಲಿ ಎಮ್ಮೆಯಿತ್ತು. ಕೆರೆಯಂಚಿಗೆ ಹೊಡೆದುಕೊಂಡು ಹೋಗುವಾಗ ಅವನು ದಿನಾ ನೋಡುವ ಗುಂಪು ಅದು. ಅವನಿಗೂ ಪೂರ್ತಿ ಅಂಕ ಕೊಟ್ಟೆ. ಯಾವ ಕಡೆಯಿಂದ ನೋಡುತ್ತೀರಿ ಎಂಬುದರ ಮೇಲೆ ಗುಂಪು ಬದಲಾಗುತ್ತದೆ ಎಂದು ಜೈನರು ಅನೇಕಾಂತ ಎಂಬ ದೊಡ್ಡ ದರ್ಶನವನ್ನೇ ಕಟ್ಟಿದ್ದಾರೆ. ಕುರುಡರು ಆನೆ ಮುಟ್ಟಿದ ಕಥೆಯನ್ನು ಅವರೂ ಹೇಳುತ್ತಾರೆ, ಬೌದ್ಧರ ಉದಾನ ಗ್ರಂಥದಲ್ಲೂ ಅದಿದೆ.

ಈಗ ನನ್ನನ್ನು ನಿಜವಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. ಮನುಷ್ಯರೊಳಗಿನ ವ್ಯತ್ಯಾಸವನ್ನು ಪ್ರಾಣಿಗಳ ಮೂಲಕ ಹೇಳುವುದು ಎಷ್ಟು ಸರಿ? ಆನೆ, ಮೊಲ, ಆಮೆ, ಜಿರಾಫೆ ಎಲ್ಲ ಒಂದು ಶಾಲೆಗೆ ಹೋಗುತ್ತವೆ, ಮೊದಲು ಒಂದನ್ನೊಂದು ಅಣಕಿಸಿ ಆಮೇಲೆ ಗೆಳೆಯರಾಗುತ್ತವೆ. ಇಂಥ ಪುಸ್ತಕಗಳು ಲೆಕ್ಕವಿಲ್ಲದಷ್ಟಿವೆ, ಉದ್ದೇಶ ಒಳ್ಳೆಯದೇ. ಆದರೆ ಆನೆ ಮತ್ತು ಮೊಲದ ನಡುವೆ ಇರುವ ದೂರ, ನಮ್ಮ ಬೀದಿಯ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಇದೆಯೇ? ಇಲ್ಲದ ದೂರವನ್ನು ತೋರಿಸಿ, ಅದನ್ನು ದಾಟು ಎಂದು ಮಗುವಿಗೆ ಹೇಳುತ್ತಿದ್ದೇವೆಯೇ?

ಈ ಪ್ರಶ್ನೆ ಹೊಸದಲ್ಲ. ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ತರುಣರು, ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ವಾದಿಸಿ ಬುದ್ಧನ ಬಳಿ ಬರುತ್ತಾರೆ. ಬುದ್ಧ ಹುಲ್ಲು ಮರಗಳಿಂದ ಶುರುಮಾಡಿ ಹುಳು, ಇರುವೆ, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ ಎಂದು ಒಂದೊಂದಾಗಿ ಹೇಳುತ್ತ, ಇವುಗಳಿಗೆ ಹುಟ್ಟಿನಿಂದ ಬಂದ ಬೇರೆ ಬೇರೆ ಗುರುತುಗಳಿವೆ, ಮನುಷ್ಯರಲ್ಲಿ ಅಂಥ ಗುರುತು ಇಲ್ಲ ಎನ್ನುತ್ತಾನೆ. ತಲೆ, ಕಿವಿ, ಕಣ್ಣು ಎಂದು ಮೈಯ ಅಂಗಗಳನ್ನೆಲ್ಲ ಎಣಿಸಿ ತೋರಿಸುತ್ತಾನೆ. ಓದುವಾಗ ಅದೇ ಒಂದು ಚಿತ್ರಪುಸ್ತಕದ ಪುಟಗಳನ್ನು ಮಗುಚಿದ ಹಾಗಿರುತ್ತದೆ. ಮನುಷ್ಯಕುಲ ಒಂದೇ ಎಂಬ ಮಾತನ್ನು ನಮ್ಮ ಪಂಪ 941ರಲ್ಲೇ ಆದಿಪುರಾಣದಲ್ಲಿ ಹೇಳಿದ್ದಾನೆ.

ಸೋಲೂರಿನಲ್ಲಿ ಆರ್ಯ ಈಡಿಗರ ಮಠವಿದೆ. ಈಡಿಗರಲ್ಲೂ ಕರಾವಳಿಯ ಬಿಲ್ಲವರಲ್ಲೂ ನಾರಾಯಣ ಗುರುಗಳ ಮೇಲೆ ಇರುವ ಭಕ್ತಿ ನಾಡಿಗೆಲ್ಲ ಗೊತ್ತು. 1888ರಲ್ಲಿ ಅರುವಿಪ್ಪುರದಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿ, 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಸ್ಥಾಪಿಸಿದ ಗುರುಗಳು ಜಾತಿಯ ಬಗ್ಗೆ ಎರಡು ಚಿಕ್ಕ ಕೃತಿಗಳನ್ನು ಬರೆದಿದ್ದಾರೆ, 'ಜಾತಿ ನಿರ್ಣಯ' ಮತ್ತು 'ಜಾತಿ ಲಕ್ಷಣ'. ಹಸುವಿಗೆ ಹಸುತನ ಹೇಗೋ ಮನುಷ್ಯನಿಗೆ ಮನುಷ್ಯತನ ಹಾಗೆ, ಅದೇ ಅವನ ಜಾತಿ ಎಂಬುದು ಮೊದಲನೆಯದರ ವಾದ. ಎರಡನೆಯದರಲ್ಲಿ ಒಂದು ಪರೀಕ್ಷೆಯನ್ನೇ ಕೊಟ್ಟಿದ್ದಾರೆ. ಯಾವುವು ಕೂಡಿ ಮರಿ ಹಾಕುತ್ತವೋ ಅವು ಒಂದು ಕುಲ, ಕೂಡದವು ಬೇರೆ ಕುಲ. ದನ ಕಾಯುವವನಿಗೂ ಅರ್ಥವಾಗುವ ಪರೀಕ್ಷೆ ಇದು, ಇದಕ್ಕೆ ಎದುರು ವಾದ ಹೂಡಲು ಪಂಡಿತನಿಗೂ ಆಗದು. ಮನುಷ್ಯರೊಳಗೆ ಎಷ್ಟು ಜಾತಿ ಎಂದು ಈ ಪರೀಕ್ಷೆಯಿಂದ ನೋಡಿದರೆ ಉತ್ತರ ಒಂದೇ.

ಗುರುಗಳು 1928ರಲ್ಲಿ ತೀರಿಕೊಂಡರು. ಅದಾಗಿ ಮೂವತ್ತು ವರ್ಷಕ್ಕೆ, 1958ರಲ್ಲಿ, ಅಮೆರಿಕದಲ್ಲಿ ಗಾರ್ತ್ ವಿಲಿಯಮ್ಸ್ ಎಂಬ ಚಿತ್ರಕಾರ 'ದಿ ರ‍್ಯಾಬಿಟ್ಸ್ ವೆಡ್ಡಿಂಗ್' ಎಂಬ ಪುಸ್ತಕ ತಂದ. ಒಂದು ಬಿಳಿ ಮೊಲ, ಒಂದು ಕರಿ ಮೊಲ. ಕಾಡಿನಲ್ಲಿ ದಿನವಿಡೀ ಆಡುತ್ತವೆ. ಕರಿ ಮೊಲ ನಡುನಡುವೆ ಸುಮ್ಮನೆ ಕೂತು ಯೋಚಿಸುತ್ತದೆ. ಏನು ಯೋಚನೆ ಎಂದರೆ, ನೀನು ಯಾವಾಗಲೂ ನನ್ನ ಜೊತೆ ಇರಬೇಕು ಎಂದು. ಕಿವಿಗೆ ಹೂ ಮುಡಿದು ಎರಡೂ ಮದುವೆಯಾಗುತ್ತವೆ, ಕಾಡಿನ ಪ್ರಾಣಿಗಳೆಲ್ಲ ಬಂದು ಕುಣಿಯುತ್ತವೆ. ಇಷ್ಟೇ ಕಥೆ. ಬಿಳಿಯರಿಗೂ ಕರಿಯರಿಗೂ ಮದುವೆ ಆಗಕೂಡದು ಎಂಬ ಕಾನೂನು ಆಗ ಅಲಬಾಮಾ ರಾಜ್ಯದಲ್ಲಿ ಇತ್ತು. 1959ರಲ್ಲಿ ಅಲ್ಲಿನ ಸೆನೆಟರ್ ಇ.ಓ. ಎಡಿನ್ಸ್ ಈ ಪುಸ್ತಕದ ಮೇಲೆ ಹರಿಹಾಯ್ದ. ರಾಜ್ಯದ ಗ್ರಂಥಾಲಯ ಸೇವೆಯ ಮುಖ್ಯಸ್ಥೆ ಎಮಿಲಿ ವ್ಹೀಲಾಕ್ ರೀಡ್ ಪುಸ್ತಕವನ್ನು ತೆಗೆದುಹಾಕಲು ಒಪ್ಪಲಿಲ್ಲ. ಬೇರೆ ಕಪಾಟಿಗೆ ಸರಿಸಿದರು, ಕೇಳಿದ ಗ್ರಂಥಾಲಯಗಳಿಗೆ ಕೊಡುತ್ತಲೇ ಹೋದರು. ಅಂಥ ಮದುವೆ ತಡೆಯುವ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1967ರಲ್ಲಿ.

ಎರಡು ಮೊಲಗಳ ಚಿತ್ರ ಕಂಡು ದೊಡ್ಡವರು ಅಷ್ಟೊಂದು ಬೆದರಿದ್ದು ಯಾಕೆ ಎಂದು ನಾನು ತುಂಬ ಯೋಚಿಸಿದ್ದೇನೆ. ಆ ಪುಸ್ತಕ ನಾರಾಯಣ ಗುರುಗಳ ಪರೀಕ್ಷೆಯನ್ನೇ ಮಾಡಿ ತೋರಿಸಿತ್ತು. ಬಣ್ಣ ಎರಡು, ಕುಲ ಒಂದು, ಮದುವೆಯೇ ಅದಕ್ಕೆ ಸಾಕ್ಷಿ. ಮೊಲ ಮತ್ತು ಆನೆಯ ಗೆಳೆತನದ ಪುಸ್ತಕವಾಗಿದ್ದರೆ ಅಲಬಾಮಾದಲ್ಲಿ ಯಾರೂ ಕೂಗಾಡುತ್ತಿರಲಿಲ್ಲ, ಅಂಥ ಗೆಳೆತನದಿಂದ ಯಾರ ಮನೆಯ ಪದ್ಧತಿಯೂ ಕದಲುವುದಿಲ್ಲವಲ್ಲ. ಹೀಗಾಗಿ ನನ್ನದೊಂದು ನಿಯಮವಿದೆ. ಜಾತಿ, ಬಣ್ಣ, ಬಡವ ಬಲ್ಲಿದ ಇಂಥ ವಿಷಯ ಹೇಳಬೇಕಾದರೆ ಒಂದೇ ಪ್ರಾಣಿಯ ಪುಸ್ತಕ ತೆಗೆಯುತ್ತೇನೆ, ಆನೆಗಳೊಳಗೆ ಆನೆ, ಮೊಲಗಳೊಳಗೆ ಮೊಲ. ಹುಲಿಯನ್ನೂ ಜಿಂಕೆಯನ್ನೂ ಅಕ್ಕಪಕ್ಕ ಕೂರಿಸಿ ಇದು ನಮ್ಮ ಕೇರಿ ಎಂದು ಹೇಳುವ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಆ ಕೆಲಸಕ್ಕೆ ಬಳಸುವುದಿಲ್ಲ.

ಹುಲಿಯ ಮಾತು ಬಂತು. ಪುಣ್ಯಕೋಟಿಯ ಹಾಡು ಹೇಳದೆ ಕನ್ನಡದ ಮಗು ಬೆಳೆಯುವುದಿಲ್ಲ. ಅದು ಸತ್ಯದ ಹಾಡು, ನಾನೂ ಹಾಡಿ ಅತ್ತವಳೇ. ಆದರೆ ಭೇದದ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಅದರ ಕೊನೆ ಕಠಿಣವಾದದ್ದು. ಹುಲಿಗೆ ಒಳ್ಳೆಯ ಬುದ್ಧಿ ಬಂದ ಕೂಡಲೇ ಅದು ಬದುಕಿ ಉಳಿಯುವುದಿಲ್ಲ. ಕಳೆದ ಅವರೆಕಾಯಿ ಕಾಲದಲ್ಲಿ ಜಗಲಿಯ ಮೇಲೆ ಕಾಯಿ ಸುಲಿಯುತ್ತ ಹಾಡು ಹೇಳಿ ಮುಗಿಸಿದಾಗ ಒಬ್ಬಳು ಪುಟ್ಟ ಹುಡುಗಿ, "ಹಸಿವಾಗೈತೆ ಅಂತ ತಾನೆ ಮಿಸ್ ಅದು ಕೇಳಿದ್ದು? ಬ್ಯಾರೆ ಏನ್ ತಿನ್ಬೇಕಿತ್ತು?" ಎಂದಳು. ಯಾರೂ ಮಾತಾಡಲಿಲ್ಲ. ನಮ್ಮ ಸೀಮೆಯ ಸಾವನದುರ್ಗದ ಕಾಡಿನ ಸೆರಗಿನ ಊರುಗಳ ಮಕ್ಕಳಿಗೆ ಇದು ಹಾಡಿನೊಳಗೆ ಮುಗಿದುಹೋಗುವ ಪ್ರಶ್ನೆಯಲ್ಲ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆಯೊಂದು ಮೂರು ವರ್ಷದ ಮಗುವನ್ನು ಎತ್ತಿಕೊಂಡು ಹೋಗಿ ಕೊಂದಿತು. ಆ ದಿನಗಳಲ್ಲಿ ಸಂಜೆಯಾಗುತ್ತಲೇ ಎಲ್ಲರ ಮನೆಯ ಬಾಗಿಲೂ ಮುಚ್ಚುತ್ತಿತ್ತು. ಚಿರತೆ ಒಳ್ಳೆಯದು ಎಂದು ಇಲ್ಲಿನ ಮಗುವಿಗೆ ಹೇಳಿದರೆ ಸುಳ್ಳಾಗುತ್ತದೆ, ಕೆಟ್ಟದ್ದು ಎಂದರೂ ಸುಳ್ಳೇ. ಅದಕ್ಕೆ ಹಸಿವಾಗುತ್ತದೆ. ಅದರ ಪಾಡಿಗೆ ಅದಕ್ಕೆ ಕಾಡು ಬೇಕು, ನಮ್ಮ ಪಾಡಿಗೆ ನಮಗೆ ಊರು ಬೇಕು. ಇದು ನಿಜವಾದ ಭೇದ. ಇದನ್ನು ಅಳಿಸಲು ಬಾರದು, ಇದಕ್ಕೊಂದು ಗಡಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಆ ಹುಡುಗಿಗೆ ನಾನು ಹೇಳಿದ್ದೂ ಇಷ್ಟೇ.

ಈ ವಿಷಯದಲ್ಲಿ ನನಗೆ ಹೆಚ್ಚು ಹಿಡಿಸುವುದು ಶೃಂಗೇರಿಯ ಐತಿಹ್ಯ. ತುಂಗಾ ತೀರದಲ್ಲಿ ಸುಡು ಬಿಸಿಲಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಡುತ್ತಿತ್ತಂತೆ, ಅದನ್ನು ಕಂಡು ಶಂಕರರು ಮಠಕ್ಕೆ ಆ ಜಾಗ ಆರಿಸಿದರಂತೆ. ಅಲ್ಲಿ ಈಗಲೂ ಕಪ್ಪೆ ಶಂಕರನ ಗುಡಿಯಿದೆ. ಹಾವು ಕಪ್ಪೆಯಾಗಲಿಲ್ಲ, ಕಪ್ಪೆ ಹಾವಾಗಲಿಲ್ಲ. ಹಾವು ಎಂದೆಂದಿಗೂ ಕಪ್ಪೆ ತಿನ್ನುವುದನ್ನು ಬಿಟ್ಟಿತು ಎಂದೂ ಕಥೆ ಹೇಳುವುದಿಲ್ಲ. ಆ ಹೊತ್ತಿಗೆ, ಆ ನೋವಿಗೆ ನೆರಳು ಕೊಟ್ಟಿತು. ಭೇದವೇ ಇಲ್ಲ ಎಂದು ಸಾರಿದ ಆಚಾರ್ಯರ ಮಠದ ಬಾಗಿಲಲ್ಲಿ ಭೇದವನ್ನು ಇಷ್ಟು ಸ್ಪಷ್ಟವಾಗಿ ಉಳಿಸಿಕೊಂಡ ಕಥೆ ನಿಂತಿರುವುದು ನನಗೆ ದೊಡ್ಡ ಸಮಾಧಾನ.

ಮತಗಳ ನಡುವಿನ ವ್ಯತ್ಯಾಸ ಇವೆರಡೂ ಅಲ್ಲ. ಅದು ಮೊಲದ ಬಣ್ಣದಂತೆ ಚರ್ಮದ ಮೇಲಿನದಲ್ಲ, ಚಿರತೆಯ ಹಸಿವಿನಂತೆ ಹುಟ್ಟಿನದೂ ಅಲ್ಲ. ಮನುಷ್ಯರು ಆರಿಸಿಕೊಂಡದ್ದು, ತಲೆಮಾರಿನಿಂದ ತಲೆಮಾರಿಗೆ ನಿಷ್ಠೆಯಿಂದ ಕಾಪಾಡಿಕೊಂಡು ಬಂದದ್ದು. ಅದನ್ನು ಮಕ್ಕಳಿಗೆ ಹೇಳಲು ನನಗೆ ಸಿಕ್ಕಿದ ಒಳ್ಳೆಯ ಪುಸ್ತಕ ಲಿಯೋ ಲಿಯೋನಿಯ 'ಫಿಶ್ ಈಸ್ ಫಿಶ್', 1970ರದ್ದು. ಒಂದು ಕೊಳದಲ್ಲಿ ಒಂದು ಮೀನು, ಒಂದು ಗೊದಮೊಟ್ಟೆ. ಗೊದಮೊಟ್ಟೆ ಕಪ್ಪೆಯಾಗಿ ದಡ ಹತ್ತಿ ಲೋಕ ನೋಡಿಕೊಂಡು ಬಂದು ಗೆಳೆಯನಿಗೆ ವರ್ಣಿಸುತ್ತದೆ. ಹಕ್ಕಿಗಳಿಗೆ ರೆಕ್ಕೆ ಇದೆ, ಎರಡು ಕಾಲಿದೆ, ಬಣ್ಣ ಬಣ್ಣ. ಹಸುವಿಗೆ ಕೊಂಬಿದೆ, ಹುಲ್ಲು ತಿನ್ನುತ್ತದೆ, ಕೆಚ್ಚಲಿದೆ. ಮೀನು ಕೇಳಿಕೊಂಡು ಕಲ್ಪಿಸಿಕೊಳ್ಳುತ್ತದೆ. ಪುಟ ತಿರುಗಿಸಿದರೆ ಅದರ ಕಲ್ಪನೆಯ ಚಿತ್ರ: ರೆಕ್ಕೆ ಅಂಟಿಸಿದ ಮೀನುಗಳೇ ಹಕ್ಕಿಗಳು, ಕೊಂಬು, ಚುಕ್ಕೆ, ಕೆಚ್ಚಲು ಹೊತ್ತ ಒಂದು ದಪ್ಪ ಮೀನೇ ಹಸು. ನಮ್ಮ ಮಕ್ಕಳು ಈ ಪುಟಕ್ಕೆ ನಕ್ಕಷ್ಟು ಬೇರೆ ಯಾವುದಕ್ಕೂ ನಗುವುದಿಲ್ಲ. ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಮನೆಯ ಮಕ್ಕಳು ಇವರು, ಹಸು ಹೇಗಿರುತ್ತದೆ ಎಂದು ಇವರಿಗೆ ಯಾರೂ ಹೇಳಬೇಕಾಗಿಲ್ಲ.

ಒಂದು ಭಾನುವಾರ ಆ ನಗು ಮುಗಿದ ಮೇಲೆ ಕಾಗದ, ಬಣ್ಣದ ಕಡ್ಡಿ ಕೊಟ್ಟು, ನೀವು ಒಳಗೆ ಹೋಗಿರದ ಒಂದು ದೇವರ ಮನೆಯ ಚಿತ್ರ ಬರೆಯಿರಿ ಎಂದೆ. ಎರಡನೇ ತರಗತಿಯ ಹುಡುಗನೊಬ್ಬ ಮಸೀದಿ ಬರೆದ. ಹೊರಗೆ ಗುಮ್ಮಟ, ಮಿನಾರು ಸರಿಯಾಗಿಯೇ ಬಂದಿತ್ತು. ಒಳಗೆ ಗರ್ಭಗುಡಿ, ಗರ್ಭಗುಡಿಯಲ್ಲಿ ಹಸಿರು ಶಲ್ಯ ಹೊದ್ದ ಮೂರ್ತಿ, ಮುಂದೆ ತೂಗುಹಾಕಿದ ಗಂಟೆ, ಮಂಗಳಾರತಿ ತಟ್ಟೆ. ತುಂಬ ಭಕ್ತಿಯಿಂದ ಬರೆದಿದ್ದ, ತಟ್ಟೆಯಲ್ಲಿ ಕರ್ಪೂರ ಉರಿಯುವುದನ್ನೂ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುಸ್ಲಿಂ ಹುಡುಗಿ ಬಗ್ಗಿ ನೋಡಿ, "ಏನೂ ಇರಲ್ಲ ಕಣೋ ಅಲ್ಲಿ. ಗೋಡೆ ಇರ್ತದೆ. ಎಲ್ರೂ ಸಾಲಾಗಿ ನಿಂತ್ಕೊತಾರೆ" ಎಂದಳು. "ಏನೂ ಇಲ್ದೆ ಯಾರಿಗೆ ಕೈ ಮುಗಿತಾರೆ?" ಎಂದು ಅವನು ನಿಜವಾಗಿ ಆಶ್ಚರ್ಯಪಟ್ಟು ಕೇಳಿದ. ಅವಳಿಗೂ ಹೇಳಲು ಬರಲಿಲ್ಲ, "ಅಲ್ಲಾಗೆ" ಎಂದಳು. ಅವನು ರಬ್ಬರು ತೆಗೆದುಕೊಂಡು ಗಂಟೆಯನ್ನು ಒರೆಸಿದ. ಮೂರ್ತಿಯನ್ನು ಒರೆಸಲು ಮನಸ್ಸಾಗದೆ ಬಹಳ ಹೊತ್ತು ಹಾಗೇ ಕೂತಿದ್ದ.

ಆ ಹುಡುಗ ಮಾಡಿದ್ದನ್ನೇ ದೊಡ್ಡವರೂ ಮಾಡುತ್ತೇವೆ. ಎಲ್ಲ ಮತಗಳೂ ಒಂದೇ ಎಂದು ವೇದಿಕೆಯ ಮೇಲೆ ಹೇಳುವವರು ಇತರರ ದೇವರನ್ನು ತಮ್ಮ ದೇವರಿಗೆ ರೆಕ್ಕೆ ಅಂಟಿಸಿ ಕಲ್ಪಿಸಿಕೊಂಡಿರುತ್ತಾರೆ. ಅದರಲ್ಲಿ ದ್ವೇಷವಿಲ್ಲ, ಪ್ರೀತಿಯೇ ಇದೆ. ಆದರೆ ಎದುರಿನವರ ಬರಿಗೋಡೆಯ ಮುಂದಿನ ಪ್ರಾರ್ಥನೆ ಅವರಿಗೆ ಕಾಣುವುದಿಲ್ಲ. ಇದು ಮತ್ತೆ ಬೌಬೌ ಅಭೇದವೇ.

ಈ ಪ್ರಶ್ನೆಗೆ ನಮ್ಮ ಮಾಗಡಿ ಸೀಮೆಯಲ್ಲೇ ಒಂದು ಉತ್ತರವಿದೆ, ಕಲ್ಲಿನಲ್ಲಿ ಕೊರೆದದ್ದು. ಮಾಗಡಿಯ ಹತ್ತಿರ ಕಲ್ಯ ಎಂಬ ಊರಿದೆ. ವೀರಶೈವರಿಗೆ ಅದು ಪವಿತ್ರ, ಪಾಲ್ಕುರಿಕೆ ಸೋಮನಾಥ ಅಲ್ಲೇ ಐಕ್ಯನಾದನೆಂದು ನಂಬಿಕೆ. ಹಿಂದೆ ಅದು ಜೈನರ ದೊಡ್ಡ ನೆಲೆಯೂ ಆಗಿತ್ತು. ಶಾಸನದಲ್ಲಿ ಅದರ ಹೆಸರು ಕಲ್ಲೆಹ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ನಾಡುಗಳ ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ಒಯ್ದರು. ಬುಕ್ಕ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರವರೆಗೆ ವೈಷ್ಣವರನ್ನೆಲ್ಲ ಸೇರಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ಈ ತೀರ್ಪಿನ ಶಾಸನ ಶ್ರವಣಬೆಳಗೊಳದಲ್ಲಿದೆ. ಅದರ ಇನ್ನೊಂದು ಪ್ರತಿ ಸಿಕ್ಕಿದ್ದು ಕಲ್ಯದಲ್ಲಿ, ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಅದು ಅಚ್ಚಾಗಿದೆ.

ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಶಾಸನ ಹೇಳುತ್ತದೆ. ಸಭೆಯಲ್ಲಿ ಉದಾಹರಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಸಾಲುಗಳು ಏನು ಮಾಡುತ್ತವೆ ನೋಡಿ. ಜೈನರಿಗೆ ಹಿಂದಿನಿಂದ ಬಂದ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಹಾಗೇ ಉಳಿಯಬೇಕು. ಜೈನ ದರ್ಶನಕ್ಕೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮ ದರ್ಶನಕ್ಕಾದ ಹಾನಿ ಎಂದು ತಿಳಿಯಬೇಕು. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು; ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರಿಗೆ 20 ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ನಾಮ ಹಾಕಿದ ತಾತಯ್ಯ ಗೊಮ್ಮಟನ ಕಾವಲಿಗೆ ಏರ್ಪಾಡು ಮಾಡುತ್ತಾನೆ! ಅವನು ಜೈನನಾಗಬೇಕಾಗಿಲ್ಲ. ಗೊಮ್ಮಟ ವಿಷ್ಣುವಿನ ಇನ್ನೊಂದು ರೂಪ ಎಂದು ಯಾರೂ ಹೇಳಬೇಕಾಗಿಲ್ಲ. ಬುಕ್ಕ ಬಾಯಲ್ಲಿ ಹೇಳಿದ್ದು ಅಭೇದ, ಕೈಯಲ್ಲಿ ಮಾಡಿದ್ದು ಭೇದದ ರಕ್ಷಣೆ. ನನಗೆ ಅವನ ಮಾತಿಗಿಂತ ಕೆಲಸ ದೊಡ್ಡದಾಗಿ ಕಾಣುತ್ತದೆ. ಮುಂದೆ ಇದೇ ಶಾಸನವನ್ನು ನವೀಕರಿಸಲು ಓಡಾಡಿದವನು ನಮ್ಮ ಕಡೆಯವನೇ, ಕಲ್ಲೆಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ.

ಈ ಶಾಸನದ ಕಥೆ ಮಕ್ಕಳ ಚಿತ್ರಪುಸ್ತಕವಾಗಬೇಕು ಎಂಬುದು ನನ್ನ ಬಹುಕಾಲದ ಆಸೆ. ಪ್ರಾಣಿಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಒಬ್ಬೊಬ್ಬ ತೀರ್ಥಂಕರನಿಗೂ ಒಂದು ಲಾಂಛನವಿದೆ, ಬಹಳಷ್ಟು ಪ್ರಾಣಿಗಳೇ. ವಿಷ್ಣುವಿನ ಕಡೆ ಅವತಾರಗಳಿವೆ. ಮುನಿಸುವ್ರತನಿಗೆ ಆಮೆ, ವಿಷ್ಣುವಿಗೆ ಕೂರ್ಮ. ವಿಮಲನಾಥನಿಗೆ ಹಂದಿ, ವಿಷ್ಣುವಿಗೆ ವರಾಹ. ಮಹಾವೀರನಿಗೆ ಸಿಂಹ, ಇತ್ತ ಸಾವನದುರ್ಗದ ಬುಡದಲ್ಲೇ ನರಸಿಂಹನ ಗುಡಿ. ಬುಕ್ಕನ ರಾಜಮುದ್ರೆಯ ಮೇಲೂ ಒಂದು ವರಾಹ. ಎರಡು ಆಮೆ, ಎರಡು ಸಿಂಹ, ಮೂರು ಹಂದಿ ಕಲ್ಯದ ದಾರಿಯಲ್ಲಿ ಎದುರುಬದುರಾಗಿ, "ನೀನು ನನ್ನ ಹಾಗೇ ಇದ್ದೀಯಲ್ಲ, ಯಾರ ಕಡೆಯವನು?" ಎಂದು ಕೇಳಿಕೊಳ್ಳುವುದನ್ನು ಯೋಚಿಸಿ. ಐದು ವರ್ಷದ ಮಗು ನಗದೆ ಇರುತ್ತದೆಯೇ? ಆ ನಗುವಿನಲ್ಲಿ ಯಾರನ್ನೂ ಹೀನಾಯ ಮಾಡಬೇಕಾಗಿಲ್ಲ. ಕಡೆಗೆ ಎರಡು ಕಡೆಯವೂ ತಮ್ಮ ತಮ್ಮ ಗುಡಿಗೆ ಮರಳಲಿ, ಹೋಗುವ ಮುಂಚೆ ಒಂದರ ಬಾಗಿಲನ್ನು ಇನ್ನೊಂದು ಕಾಯಲಿ.

2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತಿದೆ. ಓದುವ ಮಕ್ಕಳು ಇದ್ದಾರೆ, ಇಡುವ ಕಪಾಟು ಇದೆ. ಬೇರೆ ದೇಶದ ಆನೆ, ಮೀನು, ಮೊಲಗಳಿಗೆ ನಾನು ಋಣಿ, ಅವು ನಮ್ಮ ಮಕ್ಕಳಿಗೆ ಒಳ್ಳೆಯದನ್ನೇ ಕಲಿಸಿವೆ. ಆದರೆ ನಮ್ಮ ಸೀಮೆಯ ಕಥೆ ನಮ್ಮ ಮಾತಿನಲ್ಲಿ ಇನ್ನೂ ಬರಬೇಕಾಗಿದೆ. ಬರೆಯುವವರು, ಚಿತ್ರ ಬಿಡಿಸುವವರು ಒಮ್ಮೆ ಕಲ್ಯಕ್ಕೆ ಬನ್ನಿ, ಆ ಶಾಸನವನ್ನು ಕೊನೆಯ ಸಾಲಿನವರೆಗೂ ಓದಿ. ಪುಸ್ತಕ ಆದ ಮೇಲೆ ಒಂದು ಪ್ರತಿ ಸೋಲೂರಿಗೆ ಕಳಿಸಿ, ಮಕ್ಕಳಿಗೆ ನಾನು ಓದಿ ಹೇಳುತ್ತೇನೆ.